ವರ್ಷ ಮುಂದೂಡಬಹುದು, ಕೋಣದ ಹಲ್ಲನ್ನಲ್ಲ

ಪಡುಬಿದ್ರಿಯ ಮಗ್ಗುಲಲ್ಲೇ ಅಡ್ವೆ ನಂದಿಕೂರು, ಆಚೆ ಕಾರ್ಕಳದ ಮಿಯ್ಯಾರು. ಎರಡೂ ಕಂಬಳದ, ಅಂದರೆ ಕೆಸರುಗದ್ದೆಯ ಕೋಣದ ಓಟದ ಊರುಗಳು. 2016ರ ನವೆಂಬರಿನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೇ ಹೈಕೋರ್ಟ್ ಕಂಬಳಕ್ಕೆ ಮಧ್ಯಂತರ ತಡೆ ಕೊಟ್ಟಿತು. ಒಂದು ವರ್ಷ ತಾನೇ, ಮುಂದೂಡಿದರಾಯಿತು ಎನ್ನುವವರಿದ್ದಾರೆ. ಟೋಕಿಯೊ ಒಲಿಂಪಿಕ್ಸ್ 2021ಕ್ಕೆ ಹೋದರೂ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯ ಈವೆಂಟಿಂಗ್‌ನಲ್ಲಿ 23ನೆಯವರಾದರಲ್ಲ! ಆದರೆ ಒಂದು ವರ್ಷ ಹೆಚ್ಚಾಯಿತೆಂದು ಒಲಿಂಪಿಕ್ಸ್ ಕುದುರೆಯ ವಿಭಾಗ ಬದಲಾಗದು. ಕಂಬಳದಲ್ಲಿ ಹಲ್ಲು ನೋಡಿ ಕಿರಿಯ, ಹಿರಿಯ ಎಂದು ವಿಂಗಡಿಸುತ್ತಾರೆ. ಕಿರಿಯ ವಿಭಾಗ ತಪ್ಪಿದ ಕೋಣಕ್ಕೆ ಆ ವರ್ಷ ಮತ್ತೆ ಸಿಗದು. ಓಡಲಿ ಬಿಡಲಿ, ಹುರುಳಿಯ ಖರ್ಚಂತೂ ನಿಲ್ಲದು.

ಹಾಗಾದರೆ ತಡೆಯೇ ತಪ್ಪೇ? ಅಷ್ಟು ಸಲೀಸಲ್ಲ. ಬಾರುಕೋಲಿನ ಪೆಟ್ಟಿನ ದೂರು ಬರೀ ಕಟ್ಟುಕತೆಯಾಗಿರಲಿಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ 2017ರ ತಿದ್ದುಪಡಿ ಷರತ್ತಿನೊಡನೆ ದಾರಿ ಬಿಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಷರತ್ತಷ್ಟೇ ಸಾಲದು. ಈವೆಂಟಿಂಗ್‌ನಲ್ಲಿ ಕ್ರಾಸ್‌ಕಂಟ್ರಿ ಮುಗಿಸಿದ ಕುದುರೆ ತಪಾಸಣೆಯಲ್ಲಿ ಕುಂಟಿದರೆ ಜಿಗಿತದ ಸುತ್ತಿಗೆ ಪ್ರವೇಶವಿಲ್ಲ. ಸೆಮಿಫೈನಲ್‌ಗೆ ಮೊದಲು ಕೋಣಗಳಿಗೂ ಅಂಥದೇ ತಪಾಸಣೆ ಬೇಕು. ಹೊತ್ತು ಹಾಳೆಂದು ಗೊಣಗುವವರು ಇದ್ದೇ ಇರುತ್ತಾರೆ. ಕಂಬಳ ಹೇಗೂ ರಾತ್ರಿಯಿಡೀ ನಡೆಯುತ್ತದೆ.