ಎಣಿಸದ ಕೈಗೆ ಸಿಕ್ಕುವ ಸಮ

ಜತ್ತ ಭಾಗದ ನಮ್ಮ ಹಳ್ಳಿಗಳಲ್ಲಿ ಶ್ರಾವಣ ಬಂದಿತೆಂದರೆ ಮಠದಲ್ಲಿ ರಾತ್ರಿಯ ಭಜನೆ ತಪ್ಪುವುದಿಲ್ಲ. ಅಲ್ಲಿ ತಬಲಾ ಬಾರಿಸುತ್ತಿದ್ದ ಒಂಬತ್ತನೆಯ ಇಯತ್ತೆಯ ನಮ್ಮ ವಿದ್ಯಾರ್ಥಿಗೆ ಒಮ್ಮೆ ನಡುವೆಯೇ "ಮಾತ್ರೆ ಎಣಿಸೋ" ಎಂದು ಕೂಗಿದೆವು. ಅದುವರೆಗೆ ಸರಾಗವಾಗಿ ಹೊಸ ಹೊಸ ಬೋಲುಗಳನ್ನು ಕಟ್ಟುತ್ತಿದ್ದ ಕೈ ತಡವರಿಸಿತು; ಹುಡುಗ ಸಮ ತಪ್ಪಿದನು. ತಿದ್ದಹೋದ ನಾವೇ ಕೆಡಿಸಿದಂತಾಯಿತು. ಹೀಗೇಕಾಯಿತೆಂಬ ವಿಚಾರವೇ ಈ ಲೇಖನಕ್ಕೆ ಕಾರಣ.

ಖ್ಯಾಲಿನ ಚೀಜು ಕೆಲವೇ ಸಾಲುಗಳದು. ಉಳಿದ ಆಲಾಪ, ತಾನಗಳ ಬಹುಭಾಗ ಹಾಡುವಾಗಲೇ ಹುಟ್ಟತಕ್ಕದ್ದು. ಹಾಗೆಂದು ಅದು ಮನಬಂದಂತೆ ಅಲೆಯುವುದಲ್ಲ. ಸ್ವರಗಳ ದಾರಿಯನ್ನು ರಾಗವು ಗೊತ್ತುಮಾಡಿದೆ. ತೀನತಾಲದ 16 ಮಾತ್ರೆಗಳು ಸುತ್ತಿ ಸುತ್ತಿ ಸಮಕ್ಕೆ ಬರುತ್ತವೆ. ಸ್ವರ ಕೂಡಿತೋ ಇಲ್ಲವೋ ಎಂಬುದನ್ನು ತಂಬೂರಿಯು ಆ ಕ್ಷಣದಲ್ಲಿಯೇ ತಿಳಿಸುತ್ತದೆ. ಉತ್ತರಪತ್ರಿಕೆ ತಿದ್ದಿ ತಿಂಗಳ ಮೇಲೆ ಅಂಕ ಹೇಳುವ ನಮ್ಮಂತಲ್ಲ! ಗುರಿ ಸ್ಪಷ್ಟವಿದ್ದು, ಫಲ ಕೂಡಲೆ ತಿಳಿದು, ಕೆಲಸವು ಶಕ್ತಿಗೆ ಸರಿತೂಗಿದರೆ ಮನುಷ್ಯನು ತನ್ನನ್ನು ಮರೆಯುತ್ತಾನೆಂದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (1934-2021) ವಿವರಿಸಿದರು. ಈ ಸ್ಥಿತಿಗೆ ಅವರಿಟ್ಟ ಹೆಸರು 'ಪ್ರವಾಹ'. ಕೆಲಸ ತೀರ ಸುಲಭವಾದರೆ ಬೇಸರ, ಮೀರಿದರೆ ಅಂಜಿಕೆ.

ಮಿದುಳಿನಲ್ಲಿ ಆಗುವುದೇನು? 2008ರಲ್ಲಿ ಅಮೇರಿಕೆಯ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಎಂಬವರು ಆರು ಜನ ಜಾಝ್ ಪಿಯಾನೋ ವಾದಕರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, ಚಿಕ್ಕ ಕೀಲಿಮಣೆಯೊಂದನ್ನು ಕೊಟ್ಟು ನುಡಿಸಹೇಳಿದರು. ಕಂಠಪಾಠದ್ದನ್ನು ನುಡಿಸುವಾಗಿಗಿಂತ ಸ್ವಯಂಸ್ಫೂರ್ತಿಯಿಂದ ನುಡಿಸುವಾಗ, ಮುಮ್ಮಿದುಳಿನಲ್ಲಿ ತನ್ನ ಕೆಲಸವನ್ನು ತಾನೇ ಕಾಯುವ ಭಾಗ ತಣ್ಣಗಾಗಿದ್ದಿತು. 2024ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 32 ಗಿಟಾರ್ ವಾದಕರನ್ನು ಪರೀಕ್ಷಿಸಿ ಇನ್ನೊಂದು ಮಾತನ್ನು ಕೂಡಿಸಿದರು: ಈ ತನ್ಮಯತೆ ಹೆಚ್ಚಾಗಿ ಒದಗಿದ್ದು ಬಹುಕಾಲ ಪಳಗಿದವರಿಗೆ. ಕಲಿಯದವನು ಕಾವಲು ಬಿಟ್ಟರೆ ಗದ್ದಲ. ಕಲಿತವನು ಬಿಟ್ಟರೆ ಸಂಗೀತ.

ಮಿರಜದಲ್ಲಿ ನೀಲಕಂಠಬುವಾ ಅವರಿಂದ ಗ್ವಾಲಿಯರ ಗಾಯಕಿಯನ್ನು ಕಲಿತ ಮಲ್ಲಿಕಾರ್ಜುನ ಮನಸೂರರು (1910-1992) ಹೆಸರಾದ ಮೇಲೂ ಮಂಜೀಖಾನರ, ಅನಂತರ ಭೂರ್ಜೀಖಾನರ ಮುಂದೆ ಶಿಷ್ಯರಾಗಿ ಕುಳಿತರು. ಅಪರೂಪದ ಜೋಡುರಾಗಗಳಲ್ಲಿಯೂ ಅವರ ಕಂಠ ದಾರಿ ಹುಡುಕಿ ನಿಲ್ಲುವುದಿಲ್ಲ. ಧ್ವನಿಮುದ್ರಿಕೆಗಳನ್ನು ಕೇಳಿದವರು ಬಲ್ಲರು.

ನಮ್ಮ ಹುಡುಗನೂ ವರ್ಷಗಟ್ಟಲೆ ಎಣಿಸಿಯೇ ಕಲಿತಿದ್ದನು. ಆ ಎಣಿಕೆ ಕೈಗೆ ಇಳಿದಿತ್ತು; ನಮ್ಮ ಕೂಗು ಅದನ್ನು ಮತ್ತೆ ತಲೆಗೆ ಎಳೆದುತಂದಿತು. ಅವನು ಎರಡು ವಾರ ಭಜನೆಯ ಕಡೆಗೆ ಸುಳಿಯಲಿಲ್ಲ. ಕೊನೆಗೆ ನಾವೇ ಮನೆಗೆ ಹೋಗಿ ಕರೆತಂದೆವು. ಈಗ ರಿಯಾಜಿನ ಹೊತ್ತಿನಲ್ಲಿ ಎಣಿಸಿಯೇ ಬಾರಿಸು ಎನ್ನುತ್ತೇವೆ. ಭಜನೆ ಏರಿದಾಗ ಪೇಟಿಯ ಮುಂದೆ ತೆಪ್ಪಗೆ ಕೂಡುತ್ತೇವೆ. ತಪ್ಪಿದ್ದನ್ನು ಮರುದಿನ ಹೇಳಹೋದರೆ, "ಹೌದ್ರೀ ಸರ್, ಅಲ್ಲೇ ತಪ್ಪೇತಿ" ಎಂದು ಅವನೇ ಬಾರಿಸಿ ತೋರಿಸುತ್ತಾನೆ.