ಎದ್ದ ಸರ್ವರ್ ಮತ್ತೆ ಬೀಳುವುದೇಕೆ?

ಸಹಕಾರಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಓದುಗರೊಬ್ಬರು ಕೇಳಿದ್ದಾರೆ: "ಸಾಫ್ಟ್‌ವೇರ್ ಕಂಪನಿಯವರು ಶೇ 99.9ರಷ್ಟು ಹೊತ್ತು ಸೇವೆ ಇರುತ್ತದೆ ಎಂದು ಬರೆದುಕೊಟ್ಟಿದ್ದಾರೆ. ಆದರೂ ಕೌಂಟರ್ ಮುಂದೆ ಜನ ತುಂಬಿದಾಗಲೇ ಸರ್ವರ್ ಡೌನ್. ಅವರ ಲೆಕ್ಕ ಸುಳ್ಳೇ?"

ಸುಳ್ಳಲ್ಲ. ಆದರೆ ಆ ಲೆಕ್ಕ ಮುಚ್ಚಿಡುವುದೇ ಹೆಚ್ಚು. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರಕ್ಕೊಂದು ಪಾಲು, ಅಂದರೆ ಎಂಟೂಮುಕ್ಕಾಲು ಗಂಟೆ, ಸೇವೆ ನಿಂತರೂ ಕೊಟ್ಟ ಮಾತು ಉಳಿಯುತ್ತದೆ. ಆ ಎಂಟೂಮುಕ್ಕಾಲು ಗಂಟೆ ಭಾನುವಾರದ ನಡುರಾತ್ರಿ ಬಂತೋ ಸಂಬಳದ ದಿನ ಬಂತೋ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಮೊದಲೇ ತಿಳಿಸಿ ಮಾಡುವ ದುರಸ್ತಿಯ ಹೊತ್ತನ್ನು ಎಷ್ಟೋ ಒಪ್ಪಂದಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ಸಂಗತಿ: ಒಂದು ಯುಪಿಐ ಪಾವತಿ ಆ್ಯಪ್, ಕಳಿಸುವವರ ಬ್ಯಾಂಕು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಪಡೆಯುವವರ ಬ್ಯಾಂಕು, ಇವೆಲ್ಲದರ ನಡುವಿನ ಸಂಪರ್ಕ ಎಂದು ಹಲವು ಕೈ ದಾಟಬೇಕು. ಅಂಥ ಐದು ಕೊಂಡಿಗಳು ತಲಾ ಶೇ 99.9ರಷ್ಟು ಗಟ್ಟಿ ಎಂದುಕೊಂಡು ಗುಣಿಸಿ ನೋಡಿ. ಉಳಿಯುವುದು ಶೇ 99.5. ಅಲ್ಲಿಗೆ ವರ್ಷಕ್ಕೆ 43 ಗಂಟೆ ದಾಟಿತು.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಯಂತ್ರಗಳನ್ನು ಎರಡೆರಡು ಇಡುವುದು. ಶೇ 99ರ ಎರಡು ಯಂತ್ರಗಳನ್ನು ಜೋಡಿಯಾಗಿಟ್ಟರೆ ಶೇ 99.99 ಸಿಗುತ್ತದೆ, ಒಂದರ ಕಾಯಿಲೆ ಇನ್ನೊಂದಕ್ಕೆ ಅಂಟದಿದ್ದರೆ. ಈ ಷರತ್ತೇ ಇಲ್ಲಿ ಮುಖ್ಯ. ದೊಡ್ಡ ದೊಡ್ಡ ವ್ಯವಸ್ಥೆಗಳು ಗಂಟೆಗಟ್ಟಲೆ ಮಲಗಿದ ಪ್ರಸಂಗಗಳನ್ನು ಬಿಡಿಸಿ ನೋಡಿದರೆ, ಮೊದಲ ಪೆಟ್ಟು ಎಷ್ಟೋ ಸಲ ಚಿಕ್ಕದೇ. ಉಳಿದ ಯಂತ್ರಗಳೆಲ್ಲ ಅದಕ್ಕೆ ಒಟ್ಟಿಗೆ ಸ್ಪಂದಿಸಿದ ರೀತಿಯೇ ದೊಡ್ಡ ಪೆಟ್ಟು.

ಪಂಪ್‌ಸೆಟ್ ಇರುವ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತ್ರೀ ಫೇಸ್ ಕರೆಂಟ್ ಹೋಗಿ ಬರುತ್ತದೆ. ಊರಿನ ಅರ್ಧಕ್ಕರ್ಧ ಪಂಪುಗಳಿಗೆ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದ ಗಳಿಗೆಯಲ್ಲೇ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಓಡುವ ಮೋಟಾರಿಗಿಂತ ಹೊರಡುವ ಮೋಟಾರು ಐದಾರು ಪಟ್ಟು ವಿದ್ಯುತ್ ಪ್ರವಾಹ ಎಳೆಯುತ್ತದೆ. ಫ್ಯೂಸ್ ಹೋಗುತ್ತದೆ. ಲೈನ್‌ಮನ್ ಬಂದು ಫ್ಯೂಸ್ ಹಾಕಿದರೆ ಮತ್ತೆ ಎಲ್ಲವೂ ಒಟ್ಟಿಗೇ. ಹೀಗೆ ಎರಡು ಮೂರು ಸಲವಾದರೆ ಟಿಸಿಯೇ (ಟ್ರಾನ್ಸ್‌ಫಾರ್ಮರ್) ಸುಟ್ಟೀತು. ಎಲ್ಲ ಪಂಪುಗಳೂ ಓಡುತ್ತಿರುವಾಗ ಹೊರೆ ತಾಳಿಕೊಂಡಿದ್ದ ಟಿಸಿ, ಅವೇ ಪಂಪುಗಳು ಒಟ್ಟಿಗೆ ಎದ್ದಾಗ ಸೋಲುತ್ತದೆ. ಅದಕ್ಕೇ ಬಲ್ಲವರು ಸ್ಟಾರ್ಟರಿಗೆ ಟೈಮರ್ ಕೂಡಿಸಿ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೊರಡುವಂತೆ ಮಾಡಿಕೊಳ್ಳುತ್ತಾರೆ.

1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲದಲ್ಲಿ ನಡೆದದ್ದೂ ಇಂಥದೇ. ಕರೆಗಳನ್ನು ದಾರಿಗೆ ಹಚ್ಚುವ ನ್ಯೂಯಾರ್ಕಿನ ಒಂದು ಸ್ವಿಚ್ಚಿನಲ್ಲಿ ಸಣ್ಣ ದೋಷ ಕಂಡಿತು. ವಿನ್ಯಾಸದಲ್ಲಿದ್ದಂತೆ ಅದು ಕೆಲವು ಸೆಕೆಂಡು ಹಿಂದೆ ಸರಿದು, ತನ್ನನ್ನು ತಾನೇ ಸರಿಮಾಡಿಕೊಂಡು, ಮರಳಿ ಕೆಲಸಕ್ಕೆ ನಿಂತಿತು. ಅದು ಕಳಿಸಿದ ಎರಡು ಸಂದೇಶಗಳು ತೀರ ಒತ್ತೊತ್ತಾಗಿ ಬಂದಾಗ ನೆರೆಯ ಸ್ವಿಚ್ಚುಗಳು ತತ್ತರಿಸಿದವು. ಅವುಗಳಲ್ಲಿದ್ದ ಹೊಸ ಸಾಫ್ಟ್‌ವೇರಿನಲ್ಲಿ 'ಬ್ರೇಕ್' ಎಂಬ ಒಂದೇ ಆಜ್ಞೆ ಇರಬಾರದ ಜಾಗದಲ್ಲಿತ್ತು. ಅವೂ ಹಿಂದೆ ಸರಿದವು, ಎದ್ದವು, ಎದ್ದು ತಮ್ಮ ನೆರೆಯವನ್ನು ಕೆಡವಿದವು. ಇದ್ದ 114 ಸ್ವಿಚ್ಚುಗಳಲ್ಲೂ ಅದೇ ಸಾಫ್ಟ್‌ವೇರ್. ಒಂಬತ್ತು ಗಂಟೆ ಕಾಲ ದೂರದೂರಿನ ಕರೆಗಳಲ್ಲಿ ಸುಮಾರು ಅರ್ಧ ಮುಟ್ಟಲೇ ಇಲ್ಲ. ಒಂದೇ ಒಂದು ಯಂತ್ರವೂ ಸುಟ್ಟಿರಲಿಲ್ಲ ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಸ್ವಿಚ್ಚುಗಳ ನಡುವಿನ ಸಂದೇಶಗಳ ದಟ್ಟಣೆ ಇಳಿಸಿದ ಮೇಲೆಯೇ ಜಾಲ ಶಾಂತವಾಯಿತು.

ನಮ್ಮ ಯುಪಿಐ ಕಥೆ ಇದರ ಹತ್ತಿರದ ನೆಂಟ. ತಿಂಗಳಿಗೆ 1,800 ಕೋಟಿ ವಹಿವಾಟು ದಾಟಿದ್ದ ಆ ವ್ಯವಸ್ಥೆ 2025ರ ಏಪ್ರಿಲ್ 12ರಂದು ಹಗಲಿನಲ್ಲೇ ಗಂಟೆಗಟ್ಟಲೆ ತಡವರಿಸಿತು. ಕಾರಣ ಹುಡುಕಿದಾಗ ಸಿಕ್ಕಿದ್ದು, "ಆ ಪಾವತಿ ಏನಾಯಿತು?" ಎಂದು ಬ್ಯಾಂಕುಗಳ ಕಂಪ್ಯೂಟರುಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳ ಮಹಾಪೂರ. ಹಳೆಯ ಪಾವತಿಗಳ ಬಗ್ಗೆಯೂ ಅವು ಕೇಳುತ್ತಿದ್ದವು. ಇಂಥ ಕಡೆ ಉತ್ತರ ತಡವಾದಷ್ಟೂ ಪ್ರಶ್ನೆ ಹೆಚ್ಚುತ್ತದೆ, ಪ್ರಶ್ನೆ ಹೆಚ್ಚಿದಷ್ಟೂ ಉತ್ತರ ತಡವಾಗುತ್ತದೆ. ಆಮೇಲೆ ಎನ್‌ಪಿಸಿಐ ಕಟ್ಟು ಹಾಕಿತು: ಒಂದು ಪಾವತಿಯ ಸ್ಥಿತಿಯನ್ನು ಎರಡು ಗಂಟೆಯೊಳಗೆ ಮೂರು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದೂ ನಡುನಡುವೆ ಬಿಡುವು ಕೊಟ್ಟು. ಗ್ರಾಹಕರು ಬ್ಯಾಲೆನ್ಸ್ ನೋಡುವುದಕ್ಕೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಎಂಬ ಮಿತಿ ಬಂತು.

ಬಿಡುವು ಕೊಟ್ಟು ಕೇಳಬೇಕೆಂಬ ಈ ಜ್ಞಾನ ಹೊಸದಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ಕಂಪ್ಯೂಟರ್ ಟರ್ಮಿನಲ್‌ಗಳನ್ನು ರೇಡಿಯೊದಿಂದ ಬೆಸೆದಿತ್ತು. ಇಬ್ಬರು ಒಟ್ಟಿಗೆ ಕಳಿಸಿದರೆ ಎರಡೂ ಸಂದೇಶ ಹಾಳು. ಮತ್ತೆ ಕಳಿಸುವ ಮುನ್ನ ಪ್ರತಿಯೊಬ್ಬರೂ ಗೊತ್ತುಗುರಿಯಿಲ್ಲದಷ್ಟು ಹೊತ್ತು ಕಾಯಬೇಕು ಎಂಬುದೇ ಅವರ ಉಪಾಯ. ಜನಸಂದಣಿ ಹೆಚ್ಚಿದಾಗ ಇದೂ ಕುಸಿಯುತ್ತದೆ ಎಂದು ಕಂಡವರು ಬಾಬ್ ಮೆಟ್‌ಕಾಫ್. ಅವರು ಡೇವಿಡ್ ಬಾಗ್ಸ್ ಜೊತೆ ಕಟ್ಟಿದ ಈಥರ್ನೆಟ್‌ನಲ್ಲಿ ಡಿಕ್ಕಿಯಾದಂತೆಲ್ಲ ಕಾಯುವ ಹೊತ್ತಿನ ಮಿತಿ ಇಮ್ಮಡಿಯಾಗುತ್ತದೆ. ಐವತ್ತು ವರ್ಷ ದಾಟಿದ ಈ ಉಪಾಯ ಕಂಪ್ಯೂಟರ್ ಜಾಲಗಳ ಪಠ್ಯಗಳಲ್ಲಿ ಇದ್ದೇ ಇದೆ. ಆದರೂ ಸೋತ ಕೂಡಲೇ ಮತ್ತೆ ಕೇಳುವ, ಬಿಡುವನ್ನೇ ಅರಿಯದ ಸಾಫ್ಟ್‌ವೇರುಗಳು ಇಂದಿಗೂ ಮಾರಾಟವಾಗುತ್ತಿವೆ.

ಆದ್ದರಿಂದ ಓದುಗ ಮಿತ್ರರು ಒಪ್ಪಂದದಲ್ಲಿ ಒಂಬತ್ತುಗಳನ್ನು ಎಣಿಸುವುದಕ್ಕಿಂತ ಬೇರೆ ಪ್ರಶ್ನೆ ಕೇಳಲಿ. ಸೇವೆ ನಿಂತು ಮರಳಿದಾಗ ಎಲ್ಲ ಶಾಖೆಗಳೂ ಒಟ್ಟಿಗೆ ಲಾಗಿನ್ ಆದರೆ ಏನಾಗುತ್ತದೆ? ಅದನ್ನು ಪರೀಕ್ಷಿಸಿದ್ದೀರಾ? ಪ್ರತಿ ಕೆಲಸಕ್ಕೂ ಎಲ್ಲ ಕೊಂಡಿಗಳೂ ಬೇಕೇ? ಈ ಕೊನೆಯ ಪ್ರಶ್ನೆಗೆ ಯುಪಿಐನಲ್ಲೇ ಒಳ್ಳೆಯ ಉತ್ತರವಿದೆ. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್, ಚಿಲ್ಲರೆ ಮೊತ್ತ ಪಾವತಿಸುವಾಗ ಕಳಿಸುವವರ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯನ್ನು ಆ ಕ್ಷಣಕ್ಕೆ ತಟ್ಟುವುದೇ ಇಲ್ಲ. ಮೊದಲೇ ತೆಗೆದಿಟ್ಟ ಹಣದಿಂದ ಕಾಫಿಯ ಬಿಲ್ ಸಂದಾಯವಾಗುತ್ತದೆ, ಬ್ಯಾಂಕಿನ ಆ ಸರ್ವರ್ ಮಲಗಿದ್ದರೂ.