ವಯಸ್ಕರಲ್ಲಿ ಕಾಮಾಲೆ: ವೈರಸ್‌ಜನ್ಯ ಹೆಪಟೈಟಿಸ್‌ನ ಕಾರಣಗಳು ಮತ್ತು ಲಕ್ಷಣಗಳು

ಕಣ್ಣು ಮತ್ತು ಚರ್ಮ ಹಳದಿಯಾಗುವುದನ್ನು ಸಾರ್ವಜನಿಕರು ಕಾಮಾಲೆ ರೋಗವೆಂದು ಕರೆಯುತ್ತಾರೆ. ವಾಸ್ತವವಾಗಿ ಕಾಮಾಲೆಯು ರೋಗವಲ್ಲ, ರೋಗದ ಲಕ್ಷಣ. ಯಕೃತ್ತಿನಲ್ಲಿ ಉರಿಯೂತ ಉಂಟಾದಾಗ ಬಿಲಿರುಬಿನ್ ಎಂಬ ಹಳದಿ ವಸ್ತುವು ರಕ್ತದಲ್ಲಿ ಶೇಖರಣೆಯಾಗುವುದರಿಂದ ಈ ಬಣ್ಣ ಬರುತ್ತದೆ. ಇಂತಹ ಉರಿಯೂತವನ್ನುಂಟುಮಾಡುವ ಪ್ರಮುಖ ವೈರಸ್‌ಗಳು ಐದು: ಎ, ಬಿ, ಸಿ, ಡಿ ಮತ್ತು ಇ.

ಎ ಮತ್ತು ಇ ವೈರಸ್‌ಗಳು ಮಲದಿಂದ ಕಲುಷಿತಗೊಂಡ ನೀರು ಹಾಗೂ ಆಹಾರದ ಮೂಲಕ ಹರಡುತ್ತವೆ. ಹೇಮಾವತಿ ನಾಲೆಯ ನೀರು ತುಮಕೂರಿನ ಬುಗುಡನಹಳ್ಳಿ ಕೆರೆಗೂ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಕೆರೆಗಳಿಗೂ ಹರಿಯುತ್ತದೆ. ಯಾವುದೇ ಊರಿನಲ್ಲಿ ಶುದ್ಧೀಕರಿಸಿ ಬಿಟ್ಟ ನೀರು ಸಹ ದಾರಿಯಲ್ಲಿ ಕೆಡಬಹುದು. ಚರಂಡಿಯ ಪಕ್ಕದ ಕೊಳವೆ ಒಡೆದಿದ್ದಲ್ಲಿ, ಸರಬರಾಜು ನಿಂತ ವೇಳೆಯಲ್ಲಿ ಹೊರಗಿನ ಕೊಳಚೆಯು ಒಳಸೇರುತ್ತದೆ. 1955-56ರಲ್ಲಿ ದೆಹಲಿಯಲ್ಲಿ ಯಮುನಾ ನದಿಯ ನೀರಿಗೆ ಚರಂಡಿ ನೀರು ಸೇರಿದ ಪರಿಣಾಮ ಸುಮಾರು 29,000 ಮಂದಿಗೆ ಕಾಮಾಲೆ ಕಾಣಿಸಿಕೊಂಡಿತು; ಅದು ಇ ವೈರಸ್‌ನಿಂದ ಆದದ್ದೆಂದು ದಶಕಗಳ ನಂತರ ತಿಳಿದುಬಂದಿತು. ನೀರನ್ನು ಕುದಿಸಿ ಆರಿಸಿ ಕುಡಿದಲ್ಲಿ ಈ ಎರಡೂ ವೈರಸ್‌ಗಳು ನಾಶವಾಗುತ್ತವೆ.

ಬಿ ಮತ್ತು ಸಿ ವೈರಸ್‌ಗಳು ಸೋಂಕಿತ ರಕ್ತ, ಒಬ್ಬರಿಗೆ ಬಳಸಿದ ಸೂಜಿ, ಕ್ಷೌರದ ಬ್ಲೇಡು, ಹಚ್ಚೆಯ ಸೂಜಿಗಳ ಮೂಲಕ ಹರಡುತ್ತವೆ. ಬಿ ವೈರಸ್ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದಲೂ, ತಾಯಿಯಿಂದ ಮಗುವಿಗೂ ಹರಡುತ್ತದೆ. ಬಿ ಸೋಂಕು ಇದ್ದವರಿಗೆ ಮಾತ್ರ ಡಿ ಸೋಂಕು ತಗಲುತ್ತದೆ.

ಸೋಂಕು ತಗಲಿದೊಡನೆ ಲಕ್ಷಣಗಳು ಕಾಣಿಸಿಕೊಳ್ಳುವುದಿಲ್ಲ. ಎ ವೈರಸ್‌ಗೆ ಸುಮಾರು ಎರಡರಿಂದ ಏಳು ವಾರ, ಬಿ ವೈರಸ್‌ಗೆ ಒಂದರಿಂದ ಆರು ತಿಂಗಳು ಹಿಡಿಯುತ್ತದೆ. ಮೊದಲು ಜ್ವರ, ಸುಸ್ತು, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು ಇರುತ್ತದೆ, ಊಟ ರುಚಿಸುವುದಿಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಅದರ ವಾಸನೆಯೇ ಬೇಡವಾಗುವುದುಂಟು. ನಂತರ ಮೂತ್ರವು ಕಡು ಬಣ್ಣಕ್ಕೆ ತಿರುಗಿ, ಆಮೇಲೆ ಕಣ್ಣು ಹಳದಿಯಾಗುತ್ತದೆ. ಮಲ ಬಿಳಿಚಿಕೊಳ್ಳಬಹುದು, ಮೈ ತುರಿಸಬಹುದು. ಚಿಕ್ಕಮಕ್ಕಳಲ್ಲಿ ಎ ಸೋಂಕು ಬಹುಮಟ್ಟಿಗೆ ಕಾಮಾಲೆಯಿಲ್ಲದೆ ಕಳೆದುಹೋದರೆ, ವಯಸ್ಕರಲ್ಲಿ ಹೆಚ್ಚಿನವರಿಗೆ ಕಾಮಾಲೆ ಬರುತ್ತದೆ.

ಎ ಮತ್ತು ಇ ಸೋಂಕುಗಳು ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ನಾಟಿ ಔಷಧಿಯಿಂದ ಅಥವಾ ಬರೆ ಹಾಕಿಸಿದ್ದರಿಂದ ವಾಸಿಯಾಯಿತೆಂಬ ನಂಬಿಕೆಗೆ ಇದೇ ಕಾರಣ. ಆದರೆ ಹಳದಿ ಇಳಿದ ಮಾತ್ರಕ್ಕೆ ಬಿ ಅಥವಾ ಸಿ ಸೋಂಕು ಹೋಗಿದೆಯೆಂದು ಹೇಳಲಾಗದು. ಸಿ ಸೋಂಕು ಬಹುಪಾಲು ಜನರಲ್ಲಿ ಸದ್ದಿಲ್ಲದೆ ಉಳಿದು ಯಕೃತ್ತನ್ನು ಕೆಡಿಸುತ್ತದೆ. ಯಾವ ವೈರಸ್ ಎಂಬುದನ್ನು ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯಬಹುದು.

ರೋಗಿಯು ಮಂಕಾದರೆ, ತಡವರಿಸಿ ಮಾತನಾಡಿದರೆ, ಸತತ ವಾಂತಿ ಅಥವಾ ರಕ್ತಸ್ರಾವವಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಗರ್ಭಿಣಿಯರು ಕಣ್ಣು ಹಳದಿಯಾದ ದಿನವೇ ಹೋಗಬೇಕು. ಗರ್ಭಧಾರಣೆಯ ಕೊನೆಯ ಮೂರು ತಿಂಗಳಲ್ಲಿ ಇ ಸೋಂಕು ತಗಲಿದವರಲ್ಲಿ ಶೇ. 20ರಿಂದ 25ರಷ್ಟು ಸಾವು ಸಂಭವಿಸಬಹುದು. ಕಾಮಾಲೆ ಇರುವಾಗ ಮದ್ಯಪಾನ ಮಾಡಬಾರದು. ಪ್ಯಾರಾಸಿಟಮಾಲ್ ಸೇರಿದಂತೆ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಲಕ್ಷಣಗಳಿರುವವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ತುಮಕೂರು ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ ಹಾಗೂ ಔಷಧಿಯನ್ನು ಉಚಿತವಾಗಿ ಒದಗಿಸಲಾಗುತ್ತದೆ. ಹಿಂದಿನ ರಕ್ತ ಪರೀಕ್ಷೆಯ ವರದಿಗಳು ಇದ್ದಲ್ಲಿ ಜೊತೆಯಲ್ಲಿ ತರುವುದು.